ಲೂಪಸ್ ರೋಗಿಯ ಹೊಟ್ಟೆನೋವು

ದೇಹದ ಕಾವಲುಶಕ್ತಿಯೇ ದೇಹದ ಮೇಲೆ ತಿರುಗಿ ಬೀಳುವ ರೋಗ ಲೂಪಸ್. ಇದಕ್ಕೆ ತುತ್ತಾಗುವ 10 ಮಂದಿಯಲ್ಲಿ ಸುಮಾರು 9 ಮಂದಿ ಹೆಂಗಸರು. ಕೀಲು, ಚರ್ಮ, ಮೂತ್ರಪಿಂಡಗಳಂತೆ ಕರುಳಿನ ರಕ್ತನಾಳಗಳೂ ಇದರಿಂದ ಕೆಡಬಹುದು. ಆಗ ಬರುವ ನೋವನ್ನು ಮದ್ದೂರಿನಲ್ಲಾಗಲಿ ಮಳವಳ್ಳಿಯಲ್ಲಾಗಲಿ ವಾಯುವೆಂದು ಬಗೆದು, ಜೀರಿಗೆ ಕಷಾಯ ಕುಡಿದು ಸುಮ್ಮನಿರಬೇಡಿ. ಸ್ಟೀರಾಯ್ಡ್ ಸೇವಿಸುವವರಲ್ಲಿ ಕರುಳು ತೂತಾದರೂ ಜ್ವರ, ನೋವು ಅಷ್ಟಾಗಿ ತೋರದಿರಬಹುದು, ಅಪಾಯವಿರುವುದು ಇಲ್ಲಿಯೇ.

ಹೊಟ್ಟೆಯ ಸಿ.ಟಿ. ಚಿತ್ರವು ಕರುಳಗೋಡೆಯ ಬಾವನ್ನೂ, ತೂತಿನಿಂದ ಸೋರಿದ ಗಾಳಿಯನ್ನೂ ತೋರಿಸಬಲ್ಲುದು. ಲೂಪಸ್ಸಿನ ಬಾವಷ್ಟೇ ಆಗಿದ್ದರೆ ಅದು ಹೆಚ್ಚಾಗಿ ಔಷಧದಿಂದಲೇ ಇಳಿಯುತ್ತದೆ. ತೂತಾಗಿದ್ದರೆ ಶಸ್ತ್ರಚಿಕಿತ್ಸೆಗೆ ತಡಮಾಡುವಂತಿಲ್ಲ. ಚಿತ್ರಕ್ಕಾಗಿ ಚುಚ್ಚುವ ಡೈ ಸೋತ ಮೂತ್ರಪಿಂಡಕ್ಕೆ ಭಾರವಾದೀತು. ಆದುದರಿಂದ ಮೊದಲು ರಕ್ತದ ಕ್ರಿಯಾಟಿನಿನ್ ನೋಡುತ್ತಾರೆ. ಬಸುರಿಯಾದರೆ ಅದನ್ನೂ ತಿಳಿಸಬೇಕು.

ಮಂಡ್ಯದ ದೊಡ್ಡಾಸ್ಪತ್ರೆಗೆ ಹೊರಡುವಾಗ ಹಳೆಯ ಚೀಟಿಗಳನ್ನು ಜೊತೆಗೆ ಒಯ್ಯಿರಿ. ಹೊಟ್ಟೆನೋವಿನ ಮಾತಿಗಿಂತ ಮುಂಚೆ ‘ನನಗೆ ಲೂಪಸ್ ಇದೆ’ ಎಂದು ಹೇಳಿರಿ.