ಸಂಘದ ಚೀಲ ಯಾರ ಹೆಗಲಲ್ಲಿದೆ?

(ಹೋಬಳಿ ಮಟ್ಟದ ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹ ರೂಪ)



ಕಾರ್ಯಕ್ರಮದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ 'ನಾಯಕತ್ವ ಬೆಳೆಸಿಕೊಳ್ಳುವ ಬಗೆ' ಎಂದು ಅಚ್ಚು ಹಾಕಿಸಿದ್ದಾರೆ. ಬೆಳಗ್ಗೆ ತಿಂಡಿ ತಿನ್ನುವಾಗ ಹುಡುಗರನ್ನು ಕೇಳಿದೆ, ಏನಪ್ಪಾ ನಿಮಗೆ ಬೇಕಾದ್ದು ಅಂತ. ನಾಲ್ಕು ಜನರಲ್ಲಿ ಮೂವರು, 'ಅಣ್ಣಾ, ಮೈಕಿನ ಮುಂದೆ ಹೆದರದೆ ಮಾತಾಡೋದು ಹೇಳ್ಕೊಡಿ' ಅಂದರು. ಅದನ್ನು ಹೇಳಿಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ನಮ್ಮ ತಾಲ್ಲೂಕಿನಲ್ಲಿ ಮೈಕಿಗೆ ಹೆದರುವವರಿಗಿಂತ ಮೈಕು ಬಿಡದವರ ಸಂಖ್ಯೆಯೇ ಜಾಸ್ತಿ. ಆದ್ದರಿಂದ ಆ ವಿಷಯ ಬಿಟ್ಟು, ನಾನು ಕೆಟ್ಟು ಕಲಿತದ್ದನ್ನು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮೂರಿನ ಹದಿನೇಳು ಮನೆಯವರ ಬೆಳೆ ಸಾಲ ಬಾಕಿ ಬಿದ್ದಿತ್ತು. ಬ್ಯಾಂಕಿನವರು ಒಂದೇ ಬಾರಿಗೆ ತೀರುವಳಿ ಮಾಡಿಕೊಳ್ಳುವ ಯೋಜನೆ ತಂದರು. ಬಡ್ಡಿಯಲ್ಲಿ ದೊಡ್ಡ ಭಾಗ ಬಿಡುತ್ತಾರೆ. ಒಪ್ಪಿಗೆ ಪತ್ರ ಕೊಟ್ಟು, ಮೊದಲ ಕಂತನ್ನು ಇಂಥ ತಾರೀಖಿನೊಳಗೆ ಕಟ್ಟಬೇಕು. ಮಾತುಕತೆಗೆ ಹೋದವನು ನಾನೊಬ್ಬನೇ. ಅರಳಿಕಟ್ಟೆಯ ಮೇಲೆ ನಿಂತು, 'ಎಲ್ಲಾ ನಾನು ನೋಡ್ಕೋತೀನಿ, ನೀವು ಸುಮ್ನಿರಿ' ಅಂದೆ. ಅವರ ಪಾಸ್‌ಬುಕ್ಕು, ಪಹಣಿ, ಸಹಿ ಹಾಕಿದ ಒಪ್ಪಿಗೆ ಪತ್ರ ಎಲ್ಲವನ್ನೂ ಇಸಿದುಕೊಂಡು ನನ್ನ ಚೀಲಕ್ಕೆ ಹಾಕಿದೆ. ಆ ಚೀಲ ಹೆಗಲಿಗೆ ಹಾಕಿಕೊಂಡು ಊರೊಳಗೆ ಓಡಾಡುವಾಗ ನನಗೆ ಒಂದು ಹೆಮ್ಮೆ ಇತ್ತು. ಸುಳ್ಳು ಯಾಕೆ ಹೇಳಲಿ.

ಆಮೇಲೆ ಬೈಕಿನಿಂದ ಬಿದ್ದು ನನ್ನ ಕಾಲು ಮುರಿಯಿತು. ಹನ್ನೆರಡು ದಿನ ಆಸ್ಪತ್ರೆ. ನನ್ನ ಹೆಂಡತಿ ಚೀಲವನ್ನು ಜೋಪಾನವಾಗಿ ಅಟ್ಟದ ಮೇಲೆ ಇಟ್ಟಿದ್ದಳು. ಕೊನೆಯ ತಾರೀಖು ಯಾವುದೆಂದು ಊರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ; ನಾನು ಹೇಳಿರಲೇ ಇಲ್ಲ. ನಾನು ಊರುಗೋಲು ಹಿಡಿದು ಬ್ಯಾಂಕಿಗೆ ಹೋಗುವ ಹೊತ್ತಿಗೆ ತಾರೀಖು ಮುಗಿದಿತ್ತು, ಮ್ಯಾನೇಜರೂ ವರ್ಗವಾಗಿದ್ದರು. ಹದಿನೇಳು ಮನೆಗಳಿಗೆ ಬಡ್ಡಿ ಮತ್ತೆ ಏರಿತು. ಒಬ್ಬರು ಎರಡು ಹಸು ಮಾರಿದರು. ಇನ್ನೊಬ್ಬರು ರಸ್ತೆ ಪಕ್ಕದ ಅರ್ಧ ಎಕರೆ ಬಿಟ್ಟುಕೊಟ್ಟರು.

ಬೈಯುತ್ತಾರೆ ಅಂದುಕೊಂಡಿದ್ದೆ. ಯಾರೂ ಬೈಯಲಿಲ್ಲ, ಪಾಪ ಕಾಲು ಮುರಿದಿತ್ತಲ್ಲ ಅಂದರು. ಹಸು ಮಾರಿದ ಹಿರಿಯರು ಮಾತ್ರ ಒಂದು ದಿನ ನನ್ನ ಪಕ್ಕ ಕೂತು ಬೀಡಿ ಹಚ್ಚಿ, 'ಕಾಲು ನಿಂದು ಮುರೀತು ಕಣಪ್ಪ. ನಮ್ಮ ಹದಿನೇಳು ಜನದ ಕಾಲು ನೆಟ್ಟಗೇ ಇತ್ತಲ್ಲ' ಅಂದರು. ನಾನು ಬಾಯಿ ಬಿಡಲಿಲ್ಲ. ಏನು ಹೇಳುವುದು?

ಇನ್ನೊಂದು ಕತೆ ನಾನು ತಲೆಯೆತ್ತಿ ಹೇಳಬಹುದಾದದ್ದು. ಅದರಲ್ಲಿ ನನ್ನ ಪಾಲು ಏನೂ ಇಲ್ಲ. ಕಬ್ಬಿನ ಬಾಕಿ ಹಣಕ್ಕಾಗಿ ನಾವು ಅರವತ್ತು ಜನ ಕಾರ್ಖಾನೆಗೆ ಹೋಗಿದ್ದೆವು. ಹಸಿರು ಟವಲು, ಘೋಷಣೆ, ಎಲ್ಲಾ ಇತ್ತು. ಅಧಿಕಾರಿ ಹೊರಗೆ ಬಂದು, 'ನಿಮ್ಮೂರಿಂದು ಹಳೇ ಬಾಕಿ ಯಾವುದೂ ಇಲ್ಲ, ಎಲ್ಲಾ ಇತ್ತೀಚಿನದೇ' ಅಂದ. ನಾವು ಕೂಗಿದೆವು. ಅವನು ನಿಂತು ಕೇಳಿಸಿಕೊಂಡ. ಕೂಗು ಅವನಿಗೆ ಹೊಸದಲ್ಲ. ಆಗ ನಮ್ಮೂರ ಒಬ್ಬ ಹೆಣ್ಣುಮಗಳು ಕೈಚೀಲದಿಂದ ಸುತ್ತಿಟ್ಟಿದ್ದ ಕ್ಯಾಲೆಂಡರ್ ತೆಗೆದರು. ಗೋಡೆಗೆ ನೇತುಹಾಕುವ ಮಾಮೂಲಿ ಕ್ಯಾಲೆಂಡರ್. ಯಾವ ದಿನ ಕಟಾವು, ಯಾವ ದಿನ ಲೋಡು ಹೋಯಿತು, ತೂಕದ ಚೀಟಿಯಲ್ಲಿ ಎಷ್ಟು ಟನ್ನು, ಎಲ್ಲವನ್ನೂ ಆಯಾ ತಾರೀಖಿನ ಮನೆಯಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದರು. ತಮ್ಮದಷ್ಟೇ ಅಲ್ಲ, ಅಕ್ಕಪಕ್ಕದ ಐದಾರು ಗದ್ದೆಯವರದೂ. 'ಸ್ವಾಮಿ, ಇವತ್ತಿಗೆ ಎಪ್ಪತ್ನಾಲ್ಕು ದಿನ ಆಯ್ತು, ನೋಡ್ಕಳಿ' ಅಂದರು. ಅಧಿಕಾರಿ ಒಳಗೆ ಹೋಗಿ ಕಂಪ್ಯೂಟರಿನಲ್ಲಿ ನೋಡಿದ. ಎಪ್ಪತ್ನಾಲ್ಕೇ ದಿನ.

ಈಗ ಕಾನೂನು ಏನು ಹೇಳುತ್ತದೆ, ಬರೆದುಕೊಳ್ಳಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಒಪ್ಪಿಸಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಸೇರಿಸಿ ಕೊಡಬೇಕು. ಲೆಕ್ಕ ಸುಲಭವಾಗಲಿ ಅಂತ ಟನ್ನಿಗೆ 3,000 ರೂಪಾಯಿ ಇಟ್ಟುಕೊಳ್ಳಿ. 40 ಟನ್ನಿಗೆ 1,20,000. ಅದಕ್ಕೆ ವರ್ಷದ ಬಡ್ಡಿ 18,000, ತಿಂಗಳಿಗೆ 1,500. 74ರಲ್ಲಿ 14 ಕಳೆದರೆ 60 ದಿನ. ಒಬ್ಬ ರೈತನಿಗೆ ಹೆಚ್ಚುಕಡಿಮೆ 3,000 ರೂಪಾಯಿ. ಇಂಥ ನೂರು ಜನ ಇರುವ ಊರಿಗೆ ಮೂರು ಲಕ್ಷ. ಇದೇ ಅರವತ್ತು ದಿನಕ್ಕೆ ನಾವು ಸೊಸೈಟಿಗೂ ಕೈಸಾಲದವನಿಗೂ ಬಡ್ಡಿ ಕಟ್ಟಿರುತ್ತೇವೆ, ಒಂದು ದಿನವೂ ಬಿಡದೆ. ನಮಗೆ ಬರಬೇಕಾದ ಬಡ್ಡಿಯನ್ನು ಮಾತ್ರ ಕೇಳುವುದೇ ಇಲ್ಲ, ಯಾಕೆಂದರೆ ಲೋಡು ಕಳಿಸಿದ ತಾರೀಖು ನಮ್ಮ ಹತ್ತಿರ ಇರುವುದಿಲ್ಲ.

ಆ ಸಲ ಅಸಲು ಹತ್ತು ದಿನದಲ್ಲಿ ಬಂತು. ಬಡ್ಡಿ ಇನ್ನೂ ಬಂದಿಲ್ಲ. ಸಕ್ಕರೆ ಇಲಾಖೆಗೆ ಅರ್ಜಿ ಹೋಗಿದೆ. ಗೆದ್ದೆವು ಅಂತ ನಾನು ಹೇಳುತ್ತಿಲ್ಲ. ಅರವತ್ತು ಗಂಡಸರು ಕೂಗಿ ಆಗದ್ದು ಆ ಪೆನ್ಸಿಲಿನಿಂದ ಶುರುವಾಯಿತು ಎನ್ನುತ್ತಿದ್ದೇನೆ. ಆ ತಾಯಿ ಇವತ್ತಿಗೂ ನಮ್ಮ ಗ್ರಾಮ ಘಟಕದಲ್ಲಿ ಪದಾಧಿಕಾರಿ ಅಲ್ಲ. ಹೋದ ವರ್ಷ ಪಟ್ಟಿ ಮಾಡುವಾಗ ಅವರ ಹೆಸರು ಹೇಳಿದರೆ, ಅವರ ಯಜಮಾನರ ಹೆಸರು ಬರೆದುಕೊಂಡರು. ನಗಬೇಡಿ, ನಿಮ್ಮೂರಲ್ಲೂ ಇದೇ ನಡೆಯುವುದು.

ನಮ್ಮ ಚಳವಳಿಯ ಚರಿತ್ರೆಯನ್ನೇ ನೋಡಿ. 1951ರ ಕಾಗೋಡು ಸತ್ಯಾಗ್ರಹ ಅಂದರೆ ಲೋಹಿಯಾ ಬಂದರು, ಬಂಧನವಾಯಿತು ಎನ್ನುವುದು ಎಲ್ಲರಿಗೂ ನೆನಪಿದೆ. ಆದರೆ ಸಾಗರ ಸೀಮೆಯ ಗೇಣಿದಾರರನ್ನು ಮೊದಲು ಸೇರಿಸಿದವರು ಎಚ್. ಗಣಪತಿಯಪ್ಪನವರು, ಮತ್ತು ಅಲ್ಲಿ ಎದ್ದ ದೊಡ್ಡ ಪ್ರಶ್ನೆ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ್ದು. ಒಡೆಯನ ಕೊಳಗ ದೊಡ್ಡದಿದೆ ಎಂದು ಹೇಳಬೇಕಾದರೆ ಯಾರೋ ಒಬ್ಬ ಅದನ್ನು ಅಳೆದು ನೋಡಿರಬೇಕು. ಮಲಪ್ರಭೆಯ ಕಡೆ ರೈತರು ಅಭಿವೃದ್ಧಿ ಕರದ ವಿರುದ್ಧ ಎದ್ದಾಗಲೂ ಹಾಗೆಯೇ, ಕಾಲುವೆಯಲ್ಲಿ ಬಂದ ನೀರೆಷ್ಟು, ನೋಟೀಸಿನಲ್ಲಿ ಬಂದ ಕರವೆಷ್ಟು ಎಂಬ ಪ್ರಶ್ನೆ ಹಿಂದೆ ಇತ್ತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗುಂಡು ಹಾರಿ ರೈತರು ಸತ್ತರು. ಅದೇ ವರ್ಷ ರುದ್ರಪ್ಪನವರು, ಸುಂದರೇಶ್, ನಂಜುಂಡಸ್ವಾಮಿಯವರು ಮುಂತಾದವರು ಸೇರಿ ರಾಜ್ಯ ರೈತ ಸಂಘ ಕಟ್ಟಿದರು. ಹುತಾತ್ಮರ ದಿನ ಹಾರ ಹಾಕುತ್ತೇವೆ, ಸರಿ. ನಮ್ಮೂರ ತೂಬಿನಲ್ಲಿ ಈ ವರ್ಷ ಎಷ್ಟು ದಿನ ನೀರು ಬಂತು ಎಂದು ಬರೆದಿಟ್ಟವರು ಇಲ್ಲಿ ಎಷ್ಟು ಜನ? ಕೈ ಎತ್ತಿ. ಮೂರು. ಒಳ್ಳೆಯದು, ಸೊನ್ನೆ ಅಂದುಕೊಂಡಿದ್ದೆ.

ಈಗ ಸಭೆ ನಡೆಸುವ ವಿಷಯ. ನಮ್ಮ ಸಭೆ ಹೇಗಿರುತ್ತದೆ? ಅಧ್ಯಕ್ಷರು ಮುಕ್ಕಾಲು ಗಂಟೆ ಮಾತಾಡಿ, 'ಏನ್ರಪ್ಪಾ, ಎಲ್ರೂ ಒಪ್ಪಿಗೆ ತಾನೆ?' ಅಂತಾರೆ. ಹಿರಿಯರ ಎದುರು ಯಾರು ಬೇಡ ಅಂತಾರೆ? ಆಮೇಲೆ ಟೀ ಅಂಗಡಿಯಲ್ಲಿ ನಿಜವಾದ ಸಭೆ ನಡೆಯುತ್ತದೆ. ಕಾಲು ಮುರಿದ ಮೇಲೆ ನಾನು ಒಂದು ಪದ್ಧತಿ ಹಿಡಿದಿದ್ದೇನೆ: ಕರೆದವನು ಕೊನೆಗೆ ಮಾತಾಡಬೇಕು. ಮೊದಲು ಮೂಲೆಯಲ್ಲಿ ಕೂತ ಹುಡುಗ, ಆಮೇಲೆ ಹೆಂಗಸರು, ಆಮೇಲೆ ಹಿರಿಯರು. ಮೊದಮೊದಲು ಯಾರೂ ಬಾಯಿ ಬಿಡುವುದಿಲ್ಲ. ಐದು ನಿಮಿಷ ಸುಮ್ಮನೆ ಕೂತಿರಬೇಕು. ಆ ಐದು ನಿಮಿಷ ಸುಮ್ಮನೆ ಕೂರುವುದು ನನಗಂತೂ ಭಾಷಣಕ್ಕಿಂತ ಕಷ್ಟವಾಯಿತು. ಏನು ತೀರ್ಮಾನವಾಯಿತು, ಯಾರು ಯಾವ ದಿನದೊಳಗೆ ಮಾಡಬೇಕು ಅಂತ ಪುಸ್ತಕದಲ್ಲಿ ಬರೆದು ಅಲ್ಲೇ ಓದಿ ಹೇಳಬೇಕು. ಹಣದ ವಿಷಯ ಕೂಡ ಹಾಗೆ. ಜೀಪಿನ ಡೀಸೆಲ್ಲಿಗೆ ಎಷ್ಟು, ಊಟಕ್ಕೆ ಎಷ್ಟು, ಉಳಿದದ್ದೆಷ್ಟು ಅಂತ ಹಾಲಿನ ಡೈರಿಯ ಗೋಡೆಗೆ ಚೀಟಿ ಅಂಟಿಸಿ. ನಲವತ್ತು ರೂಪಾಯಿ ಲೆಕ್ಕ ಸಿಗದೆ ಘಟಕ ಒಡೆದದ್ದನ್ನು ನಾನು ನೋಡಿದ್ದೇನೆ. ಅವನು ನಲವತ್ತು ರೂಪಾಯಿ ತಿಂದಿರಲಿಲ್ಲ, ಬರೆಯಲು ಮರೆತಿದ್ದ.

ಇದೇ ಮಾತಿಗೆ ಸೇರಿದ್ದು ಇನ್ನೊಂದು, ಕೆಲವರಿಗೆ ರುಚಿಸಲಿಕ್ಕಿಲ್ಲ. ನಮ್ಮ ಸಭೆಗೆ ಕೂಲಿಯವರು ಬರುವುದಿಲ್ಲ, ಬಂದರೆ ಬೇಲಿ ಆಚೆ ನಿಂತಿರುತ್ತಾರೆ. ಬೆಲೆ ಸಿಗಲಿಲ್ಲ ಅಂತ ನಾವು ರಸ್ತೆ ತಡೆದ ದಿನ ಅವರ ಕೂಲಿಯೂ ಹೋಗುತ್ತದೆ. ಅವರನ್ನು ಕೇಳದೆ ತೀರ್ಮಾನ ಮಾಡಿ, ಊರೆಲ್ಲಾ ನಮ್ಮ ಹಿಂದೆ ಇದೆ ಅಂತ ತಹಶೀಲ್ದಾರರಿಗೆ ಹೇಳಿದರೆ ಅದು ಎಷ್ಟು ನಿಜ?

ಕಚೇರಿಗೆ ಹೋಗುವಾಗ ಒಬ್ಬರೇ ಹೋಗಬೇಡಿ. ಒಬ್ಬ ಹೋದರೆ ಅವನಿಗೆ ಕುರ್ಚಿ ಕೊಟ್ಟು ಟೀ ಕುಡಿಸಿ ಕಳಿಸುತ್ತಾರೆ, ಊರಿಗೆ ಬಂದು ಅವನೇ 'ಸಾಹೇಬರು ಒಳ್ಳೇವ್ರು' ಅಂತಾನೆ. ಅದು ನಾನೇ. ಐದು ಜನ ಹೋಗಿ, ಅದರಲ್ಲಿ ಇಬ್ಬರು ಹೊಸಬರಿರಲಿ. ಅರ್ಜಿ ಬರವಣಿಗೆಯಲ್ಲಿ ಕೊಟ್ಟು, ಇನ್ನೊಂದು ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕ, 30 ದಿನದ ಗಡುವು. ಹತ್ತನೇ ಕ್ಲಾಸು ಓದಿದ ಹುಡುಗಿ ಬರೆಯಬಹುದಾದ ಅರ್ಜಿ ಅದು. 2018ರ ಸಾಲ ಮನ್ನಾದಲ್ಲಿ ಆಧಾರು, ಪಡಿತರ ಚೀಟಿ, ಸರ್ವೆ ನಂಬರು ಕೇಳಿದಾಗ ಒಂದಕ್ಕೊಂದು ಹೊಂದದ ಹೆಸರಿಗಾಗಿ ಎಷ್ಟು ಜನ ಅಲೆದರು, ನಿಮಗೇ ಗೊತ್ತು. ಮುಂಚೆಯೇ ಒಂದು ಸಂಜೆ ಕೂತು ಊರಿನವರ ಪಹಣಿ, ಆಧಾರು ಪಕ್ಕಪಕ್ಕ ಇಟ್ಟು ನೋಡಿದ್ದರೆ ಅರ್ಧ ಅಲೆದಾಟ ತಪ್ಪುತ್ತಿತ್ತು.

ಮನೆಯ ವಿಚಾರಕ್ಕೆ ಬರೋಣ. ಬೀದಿಯಲ್ಲಿ ಸಾಲದ ವಿರುದ್ಧ ಕೂಗುವ ನಾವು ಮಗಳ ಮದುವೆಗೆ ಚೌಲ್ಟ್ರಿ ಹಿಡಿದು, ನೂರಕ್ಕೆ ಮೂರರ ಬಡ್ಡಿಯಲ್ಲಿ ಸಾಲ ತರುತ್ತೇವೆ. 80ರ ದಶಕದಲ್ಲಿ ಸಂಘದವರು ಕುವೆಂಪು ಅವರ ಮಂತ್ರಮಾಂಗಲ್ಯದ ದಾರಿಯಲ್ಲಿ ಸರಳ ಮದುವೆಗಳನ್ನು ನಡೆಸಿದರು. ಆಗ ಹಾಗೆ ಮದುವೆಯಾದ ಕೆಲವರೇ ಈಗ ಮಕ್ಕಳ ಮದುವೆಗೆ ಸಾವಿರ ಎಲೆ ಹಾಕಿಸುತ್ತಿದ್ದಾರೆ. ಸಚಿವರ ಮುಂದೆ ಎದೆ ಉಬ್ಬಿಸಿ ಮಾತಾಡುವವನಿಗೆ ಭಾವಮೈದನ ಮುಂದೆ 'ಇಷ್ಟು ಸಾಕು' ಅನ್ನಲು ಬಾಯಿ ಬರುವುದಿಲ್ಲ. ನನಗೂ ಬರಲಿಲ್ಲ, ದೊಡ್ಡ ಮಗಳ ಮದುವೆಯಲ್ಲಿ. ಎರಡನೆಯವಳು ತಾನೇ ಹೇಳಿದಳು, ನಾನು ಬಚಾವಾದೆ.

ಮನೆಯಲ್ಲಿ ಎಷ್ಟು ಸಾಲ ಇದೆ ಅಂತ ಗಂಡ ಹೆಂಡತಿಗೆ ಹೇಳಿರುವುದಿಲ್ಲ. ಹೆಂಡತಿ ಮೈಕ್ರೋಫೈನಾನ್ಸಿನವರಿಂದ ತಂದದ್ದು ಗಂಡನಿಗೆ ಗೊತ್ತಿರುವುದಿಲ್ಲ. ವಸೂಲಿಯವರು ಬಾಗಿಲಿಗೆ ಬಂದ ದಿನ ಇಬ್ಬರಿಗೂ ಗೊತ್ತಾಗುತ್ತದೆ. ವಸೂಲಿಯ ಕಿರುಕುಳ ತಡೆಯಲು ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು, ಆದರೆ ಬಾಗಿಲಲ್ಲಿ ನಿಂತವನಿಗೆ ಅದನ್ನು ಹೇಳಲು ಮನೆಯವರಿಬ್ಬರೂ ಒಂದು ಮಾತಿನಲ್ಲಿ ಇರಬೇಕಲ್ಲ. ತಿಂಗಳಿಗೊಂದು ರಾತ್ರಿ ಎಲ್ಲಾ ಪಾಸ್‌ಬುಕ್ಕು, ಚೀಟಿ ಹರಡಿ ಇಬ್ಬರೂ ಕೂತು ನೋಡಿ. ಮೊದಲ ತಿಂಗಳು ಜಗಳ ಆಗುತ್ತದೆ, ಅದಕ್ಕೂ ತಯಾರಾಗಿರಿ.

ದೆಹಲಿ ಗಡಿಯಲ್ಲಿ 2020ರ ನವೆಂಬರಿನಿಂದ ಒಂದು ವರ್ಷದ ಮೇಲೆ ರೈತರು ಕೂತದ್ದು ನೀವೆಲ್ಲಾ ಟಿವಿಯಲ್ಲಿ ನೋಡಿದ್ದೀರಿ. ಮೂರು ಕಾಯ್ದೆ 2021ರಲ್ಲಿ ವಾಪಸ್ಸಾದವು. ನನಗೆ ಅದರಲ್ಲಿ ಹಿಡಿಸಿದ್ದು ಪಂಜಾಬಿನ ಹಳ್ಳಿಗಳು ಸರದಿ ಮಾಡಿಕೊಂಡದ್ದು. ಈ ವಾರ ಇಷ್ಟು ಜನ ಗಡಿಗೆ, ಅವರ ಹೊಲಕ್ಕೆ ಊರಲ್ಲಿ ಉಳಿದವರು ನೀರು ಹಾಯಿಸುವುದು. ಮುಂದಿನ ತಂಡ ಹೋದಾಗ ಇವರು ವಾಪಸ್ಸು. ವೇದಿಕೆಯಲ್ಲೂ ಹಲವು ಸಂಘಟನೆಗಳು ಕೂಡಿ ತೀರ್ಮಾನ ಮಾಡುತ್ತಿದ್ದವು. ನಮ್ಮಲ್ಲಿ? ನಂಜುಂಡಸ್ವಾಮಿಯವರಂಥ ಓದಿದ ನಾಯಕ ಇದ್ದಾಗಲೇ ಒಡಕು ಶುರುವಾಗಿತ್ತು. 2004ರಲ್ಲಿ ಅವರು ತೀರಿಕೊಂಡ ಮೇಲೆ ಬಣದ ಮೇಲೆ ಬಣ. ಟವಲು ಒಂದೇ ಬಣ್ಣದ್ದು, ಲೆಟರ್‌ಹೆಡ್ಡು ಬೇರೆಬೇರೆ. ಯಾರದು ತಪ್ಪು ಅಂತ ನಾನು ಇಲ್ಲಿ ಪಂಚಾಯ್ತಿ ಮಾಡುವುದಿಲ್ಲ. ನಿಮ್ಮ ನಿಮ್ಮ ಗ್ರಾಮ ಘಟಕದಲ್ಲಿ ಕಾರ್ಯದರ್ಶಿ ಹತ್ತು ವರ್ಷದಿಂದ ಒಬ್ಬನೇ ಇದ್ದರೆ ಅದನ್ನು ಮೊದಲು ನೋಡಿ.

ನಮ್ಮೂರಲ್ಲಿ ಈಗ ಚೀಲ ಒಂದೇ ಮನೆಯಲ್ಲಿ ಇರುವುದಿಲ್ಲ. ಆರು ತಿಂಗಳಿಗೊಮ್ಮೆ ಮನೆ ಬದಲಾಗುತ್ತದೆ. ಪ್ರತಿ ಕಾಗದದ ಜೆರಾಕ್ಸ್ ಅದರ ಯಜಮಾನನ ಹತ್ತಿರವೂ ಇರುತ್ತದೆ, ಕಡೇ ತಾರೀಖುಗಳನ್ನು ಡೈರಿಯ ಗೋಡೆಯ ಮೇಲೆ ಬರೆಯುತ್ತೇವೆ. ಹೊಸಬರು ತಪ್ಪು ಮಾಡುತ್ತಾರೆ. ಹೋದ ಸಲ ಚೀಲ ಹಿಡಿದ ಹುಡುಗ ಅರ್ಜಿಯನ್ನು ಬೇರೆ ಟೇಬಲ್ಲಿಗೆ ಕೊಟ್ಟು ಬಂದು ಎರಡು ವಾರ ಹೋಯಿತು. ನನ್ನ ಕೈ ತುರಿಸಿತು, ಕಿತ್ತುಕೊಂಡು ನಾನೇ ಹೋಗೋಣ ಅಂತ. ಹೋಗಲಿಲ್ಲ. ಅವನೇ ಹೋಗಿ ಸರಿ ಮಾಡಿಕೊಂಡು ಬಂದ.

ಊಟಕ್ಕೆ ಹೊತ್ತಾಯಿತು. ಊಟ ಆದ ಮೇಲೆ ಆರು ಗುಂಪು ಮಾಡುತ್ತೇವೆ. ಒಂದೊಂದು ಗುಂಪು ತಮ್ಮೂರಿನ ಒಂದು ಬೆಳೆಯ ಖರ್ಚನ್ನು, ಬೀಜದಿಂದ ಮಾರುಕಟ್ಟೆಯ ಹಮಾಲಿಯವರೆಗೆ, ಮನೆಯವರ ದುಡಿಮೆಯೂ ಸೇರಿಸಿ, ಬರೆಯಬೇಕು. ಹೆಂಗಸರ ಕೆಲಸಕ್ಕೆ ಕೂಲಿ ಹಾಕುವುದು ಮರೆಯಬೇಡಿ. ಬೆಳಗ್ಗೆಯಿಂದ ಯಾರು ಒಂದು ಮಾತೂ ಆಡಿಲ್ಲವೋ ಅವರೇ ಇಲ್ಲಿ ಬಂದು ಓದಬೇಕು. ನಾನು ಹಿಂದಿನ ಸಾಲಿನಲ್ಲಿ ಕೂತಿರುತ್ತೇನೆ.