ಮಡಿಲು ಬರಿದಾದ ತಾಯಿ ಮಾರ್ಗರೆಟ್
(ಶತಮಾನೋತ್ಸವದ ತಾಯಂದಿರ ಸಭೆಯಲ್ಲಿ ಮಾಡಿದ ಭಾಷಣ)



ಎಳೆಯ ಮಗುವಿನ ಶವಸಂಸ್ಕಾರ ನಡೆಸುವುದಕ್ಕಿಂತ ಕಠಿಣವಾದ ಕರ್ತವ್ಯ ಗುರುವಿಗೆ ಮತ್ತೊಂದಿಲ್ಲ. ಗುರುದೀಕ್ಷೆ ಪಡೆದ ಹೊಸದರಲ್ಲಿ ನಾನು ಅಂಥ ತಾಯಂದಿರಿಗೆ, "ಅಳಬೇಡಿರಮ್ಮಾ, ನಿಮ್ಮ ಮಗು ದೇವದೂತರ ಸಂಗಡ ಇದೆ" ಎನ್ನುತ್ತಿದ್ದೆ. ಮಾತು ಸುಳ್ಳಲ್ಲ; ಆದರೆ ಆ ಗಳಿಗೆಗೆ ಅದು ಸಾಲದು. ತಾಯಿಯೊಬ್ಬರು ನನ್ನನ್ನೇ ಕೇಳಿದರು: "ಮಗು ಅಲ್ಲಿದೆ ಸ್ವಾಮಿ, ನಂಬುತ್ತೇನೆ. ಈ ಕೈಗಳಿಗೆ ಇನ್ನೇನು ಕೆಲಸ?" ನಾನು ನಿರುತ್ತರನಾದೆ. ಅಂದು ಅವರಿಗೆ ಹೇಳಬಹುದಾಗಿದ್ದ ಒಂದು ಜೀವನವೃತ್ತಾಂತವನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಮಾರ್ಗರೆಟ್ ಹಾಹರಿ 1813ರಲ್ಲಿ ಐರ್ಲೆಂಡಿನ ಬಡ ಕಥೋಲಿಕ ಕುಟುಂಬದಲ್ಲಿ ಹುಟ್ಟಿದಳು. ಹೆತ್ತವರ ಜೊತೆ ಅಮೆರಿಕದ ಬಾಲ್ಟಿಮೋರ್ ನಗರಕ್ಕೆ ಬಂದಳು. 1822ರಲ್ಲಿ ಪೀತಜ್ವರವು ತಂದೆತಾಯಿಯರಿಬ್ಬರನ್ನೂ ಕೊಂಡೊಯ್ದಾಗ ಆಕೆಗೆ ಒಂಬತ್ತು ವರ್ಷ. ಶಾಲೆಯ ಮುಖ ಕಾಣಲಿಲ್ಲ. ಓದುಬರಹ ಕಡೆಯವರೆಗೂ ಬರಲಿಲ್ಲ. 1835ರಲ್ಲಿ ಮದುವೆಯಾಗಿ, ಪತಿಯೊಡನೆ ದಕ್ಷಿಣದ ನ್ಯೂ ಆರ್ಲಿಯನ್ಸ್ ಬಂದರಿಗೆ ಹೋದಳು. ಫ್ರಾನ್ಸಿಸ್ ಎಂಬ ಹೆಣ್ಣುಮಗು ಹುಟ್ಟಿತು. ರೋಗಿಯಾಗಿದ್ದ ಪತಿ ಆರೋಗ್ಯಕ್ಕಾಗಿ ಐರ್ಲೆಂಡಿಗೆ ಹೋದವನು ಅಲ್ಲಿಯೇ ತೀರಿಕೊಂಡ. ಕೆಲವೇ ತಿಂಗಳಲ್ಲಿ ಹಸುಗೂಸೂ ಹೋಯಿತು. ಮಾರ್ಗರೆಟಳಿಗಿನ್ನೂ ಇಪ್ಪತ್ಮೂರರ ಪ್ರಾಯ.

ಹೋಟೆಲೊಂದರಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಕೂಲಿ ಹಿಡಿದಳು. ಆ ಕೂಲಿಯಲ್ಲೇ ಒಂದು ಪಾಲನ್ನು ಕನ್ಯಾಸ್ತ್ರೀಯರ ಅನಾಥಾಲಯಕ್ಕೆ ಕೊಡತೊಡಗಿದಳು. ಬಳಿಕ ತಾನೇ ಅಲ್ಲಿಗೆ ಹೋಗಿ ಸೇರಿ, ಮಕ್ಕಳ ಹಾಲಿಗಾಗಿ ಎರಡು ಹಸು ಕೊಂಡಳು. (ಎರಡು ಹಸು! ನಮ್ಮ ಊರಿನಲ್ಲಿ ಎಷ್ಟು ಮನೆಗಳಲ್ಲಿಲ್ಲ?) ಮಿಕ್ಕ ಹಾಲನ್ನು ಗಾಡಿಯಲ್ಲಿ ಬೀದಿಬೀದಿಗೆ ಒಯ್ದು ಮಾರಿದಳು, ಹೋಟೆಲುಗಳಲ್ಲಿ ಉಳಿದ ಅನ್ನಾಹಾರವನ್ನು ಮಕ್ಕಳಿಗಾಗಿ ಬೇಡಿ ತಂದಳು. ಮಂದೆ ನಲವತ್ತು ಹಸುಗಳಷ್ಟಾಯಿತು. ಮುಂದೆ, ತಾನು ಕೊಟ್ಟ ಸಾಲಕ್ಕೆ ಬದಲಾಗಿ ಒಂದು ಬ್ರೆಡ್ ಕಾರ್ಖಾನೆಯೇ ಕೈಗೆ ಬಂತು. ಅಲ್ಲಿ ಉಗಿಯಂತ್ರ ಹೂಡಿದಳು. ಲೆಕ್ಕ ಬರೆಯಲಾರದ ಹೆಂಗಸು ನಗರದ ದೊಡ್ಡ ವ್ಯಾಪಾರಿಯಾದಳು. ಆದರೆ ಉಡುಪು ಅದೇ ಸಾದಾ ಬಟ್ಟೆ.

1853ರಲ್ಲಿ ಪೀತಜ್ವರ ನ್ಯೂ ಆರ್ಲಿಯನ್ಸಿಗೆ ಬಡಿದು ಸುಮಾರು 8,000 ಜನ ಸತ್ತರು. ಅದು ಸೊಳ್ಳೆಯಿಂದ ಹರಡುವುದೆಂದು ಆಗ ವೈದ್ಯರಿಗೂ ಗೊತ್ತಿರಲಿಲ್ಲ. ತನ್ನ ಹೆತ್ತವರನ್ನು ನುಂಗಿದ ಆ ರೋಗವಿದ್ದ ಮನೆಗಳೊಳಕ್ಕೆ ಮಾರ್ಗರೆಟ್ ಹೆಜ್ಜೆಯಿಟ್ಟು, ಜಾತಿಮತ ಕೇಳದೆ ರೋಗಿಗಳ ಶುಶ್ರೂಷೆ ಮಾಡಿದಳು. ಅನಾಥರಾದ ಕೂಸುಗಳಿಗೆಂದು ಆಕೆಯ ನೆರವಿನಿಂದ ಸಂತ ವಿನ್ಸೆಂಟ್ ದಿ ಪೌಲರ ಹೆಸರಿನ ಶಿಶುಗೃಹ ತಲೆಯೆತ್ತಿತು.

ಇದರಿಂದ ಫ್ರಾನ್ಸಿಸಳ ನಷ್ಟ ತುಂಬಿತೆಂದು ನಾನು ಹೇಳಲಾರೆ. ಒಂದು ಮಗುವಿನ ಸ್ಥಾನಕ್ಕೆ ಸಾವಿರ ಮಕ್ಕಳು ಬಂದರೂ ಅದು ಆ ಮಗುವಲ್ಲ. ಹೆತ್ತವರಿಗೆ ಇದನ್ನು ನಾನು ಕಲಿಸಬೇಕಾಗಿಲ್ಲ. ದುಃಖ ತೀರಲೆಂದು ಆಕೆ ಕಾಯಲಿಲ್ಲ, ಅಷ್ಟೆ; ದುಃಖದ ಜೊತೆಯಲ್ಲೇ ಹಾಲು ಕರೆದಳು.

1882ರ ಫೆಬ್ರವರಿ 9ರಂದು ಮಾರ್ಗರೆಟ್ ತೀರಿಕೊಂಡಳು. ಆಸ್ತಿಯನ್ನು ಅನಾಥಾಲಯಗಳಿಗೆ ಬರೆಸಿದ್ದಳು: ಕಥೋಲಿಕರವು ಮಾತ್ರವಲ್ಲ, ಪ್ರೊಟೆಸ್ಟೆಂಟರ ಹಾಗೂ ಯೆಹೂದ್ಯರ ಅನಾಥಾಲಯಗಳಿಗೂ. ಮರಣಶಾಸನದ ಕೊನೆಗೆ ರುಜುವಿನ ಬದಲು ಶಿಲುಬೆಯ ಗುರುತು ಹಾಕಿದ್ದಳು. 1884ರಲ್ಲಿ ನಗರದವರು ಆಕೆಯ ಅಮೃತಶಿಲೆಯ ಪ್ರತಿಮೆಯನ್ನು ನಿಲ್ಲಿಸಿದರು. ಸಾದಾ ಕುರ್ಚಿಯಲ್ಲಿ ಶಾಲು ಹೊದ್ದು ಕುಳಿತ ಮುದುಕಿ. ಒಂದು ತೋಳು ಪಕ್ಕದಲ್ಲಿ ನಿಂತ ಮಗುವನ್ನು ಬಳಸಿದೆ. ಪೀಠದಲ್ಲಿ ಕೆತ್ತಿರುವುದು ಒಂದೇ ಪದ: ಮಾರ್ಗರೆಟ್.