ಹಸಿರು ನೀರಿನ ಕೊಯ್ಲು



ಪಾಚಿಯಿಂದ ಇಂಧನ ತೆಗೆಯಬಹುದು ಎಂಬ ಮಾತು ಹೊಸದಲ್ಲ. ಅಮೆರಿಕದ ಇಂಧನ ಇಲಾಖೆ 1978ರಿಂದ 1996ರವರೆಗೆ ಇದಕ್ಕೆಂದೇ ಒಂದು ಯೋಜನೆ ನಡೆಸಿತು. ನ್ಯೂ ಮೆಕ್ಸಿಕೊದ ರಾಸ್‌ವೆಲ್‌ನಲ್ಲಿ ಸಾವಿರ ಚದರ ಮೀಟರಿನ ಕೊಳಗಳಲ್ಲಿ ಪಾಚಿ ಬೆಳೆಸಿ ನೋಡಿತು. ಬೆಳೆಸಬಹುದೆಂದು ಗೊತ್ತಾಯಿತು. ಕೊಯ್ಲು ಮಾತ್ರ ಇಂದಿಗೂ ದುಬಾರಿ.

ಏಕೆ ಅಂತೀರಾ? ತೆರೆದ ಕೊಳದ ಒಂದು ಲೀಟರ್ ಹಸಿರು ನೀರಿನಲ್ಲಿರುವ ಪಾಚಿ, ಒಣಗಿಸಿ ತೂಗಿದರೆ, ಸುಮಾರು ಅರ್ಧ ಗ್ರಾಂ. ಒಂದು ಕಿಲೋ ಬೇಕಾದರೆ 2,000 ಲೀಟರ್ ನೀರನ್ನು ಬೇರ್ಪಡಿಸಬೇಕು. ಕೋಶಗಳು ಎಷ್ಟು ಸಣ್ಣವೆಂದರೆ ಬಟ್ಟೆಯಲ್ಲಿ ಸೋಸಿದರೆ ನೀರಿನ ಜೊತೆಗೇ ಇಳಿದುಹೋಗುತ್ತವೆ. ತಳದಲ್ಲೂ ಸುಲಭವಾಗಿ ಕೂರುವುದಿಲ್ಲ. ಪ್ರತಿ ಕೋಶದ ಮೈಮೇಲೂ ಋಣ ವಿದ್ಯುದಂಶ ಇರುವುದರಿಂದ ಒಂದನ್ನೊಂದು ದೂರ ತಳ್ಳುತ್ತಲೇ ಇರುತ್ತವೆ.

ಈ ತಳ್ಳಾಟ ನಿಲ್ಲಿಸುವ ಒಂದು ದಾರಿ ಕರೆಂಟು. ನೀರಿಗೆ ಎರಡು ಲೋಹದ ತಗಡು ಇಳಿಸಿ ಡಿಸಿ ವಿದ್ಯುತ್ ಹರಿಸುತ್ತಾರೆ. ಧನ ತುದಿಯ ಅಲ್ಯೂಮಿನಿಯಂ ತಗಡು ಸ್ವಲ್ಪಸ್ವಲ್ಪವೇ ಕರಗಿ, ಅದರ ಧನ ಅಯಾನುಗಳು ಕೋಶಗಳ ಋಣಾಂಶವನ್ನು ತಣಿಸುತ್ತವೆ. ಕೋಶಗಳು ಒಂದಕ್ಕೊಂದು ಅಂಟಿ ಗಂಟುಗಟ್ಟುತ್ತವೆ. ಕೊಡದ ರಾಡಿ ನೀರಿಗೆ ಪಟಿಕ ಆಡಿಸಿದಾಗ ನಡೆಯುವುದೂ ಇದೇ ರಸಾಯನ. ಆದರೆ ಪಟಿಕದ ಜೊತೆ ಬರುವ ಸಲ್ಫೇಟ್ ಇಲ್ಲಿ ಬರುವುದಿಲ್ಲ. ಋಣ ತುದಿಯಲ್ಲಿ ಹೈಡ್ರೋಜನ್ ಗುಳ್ಳೆ ಏಳುತ್ತದೆ, ಗಂಟುಗಳನ್ನು ಮೇಲಕ್ಕೆ ಹೊತ್ತು ತರುತ್ತದೆ. ತೇಲಿದ್ದನ್ನು ಬಳಿದುಕೊಂಡರಾಯಿತು.

ಈಗ ಲೆಕ್ಕ ನೋಡೋಣ. ಒಂದು ಕಿಲೋ ಒಣ ಪಾಚಿಯೊಳಗಿನ ಶಕ್ತಿ ಐದಾರು ಯೂನಿಟ್ ವಿದ್ಯುತ್ತಿಗೆ ಸಮ. ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಹಿನೀರಿನ ಕ್ಲೋರೆಲ್ಲಾ ಪಾಚಿಯ ಕಿಲೋವೊಂದಕ್ಕೆ ಸುಮಾರು 2 ಯೂನಿಟ್ ತಗುಲಿತು. ಬರುವುದರಲ್ಲಿ ಮೂರನೆಯ ಒಂದು ಪಾಲು ಕೊಯ್ಲಿಗೇ ಹೋದರೆ ಅದು ಇಂಧನದ ಬೆಳೆಯಾಗಿ ಉಳಿಯುವುದು ಕಷ್ಟ. ಅದೇ ಪ್ರಯೋಗದಲ್ಲಿ ಸಮುದ್ರದ ಫಿಯೋಡ್ಯಾಕ್ಟೈಲಮ್ ಪಾಚಿಗೆ ಸಾಕಾದದ್ದು ಸುಮಾರು 0.3 ಯೂನಿಟ್! ಉಪ್ಪುನೀರಿನಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ. ಜೊತೆಗೆ ಉಪ್ಪಿನ ಕ್ಲೋರೈಡು ತಗಡಿನ ಮೇಲಿನ ಆಕ್ಸೈಡ್ ಪದರವನ್ನು ಒಡೆದು, ಲೋಹ ಕರಗಲು ದಾರಿ ಬಿಡುತ್ತದೆ. ಹಾಗಾಗಿ ಈ ವಿಧಾನಕ್ಕೆ ಭವಿಷ್ಯವಿದ್ದರೆ ಅದು ಕಡಲ ದಡದಲ್ಲಿ ಎಂಬುದು ನನ್ನ ದೃಢವಾದ ನಂಬಿಕೆ. ಕುಡಿಯುವ ನೀರಿಗೂ ಆಗ ಕೈಹಾಕಬೇಕಿಲ್ಲ.

ಕರಗಿದ ಲೋಹದಲ್ಲಿ ಒಂದಿಷ್ಟು ಪಾಚಿಯಲ್ಲೇ ಉಳಿಯುತ್ತದೆ. ಆ ಪಾಚಿಯನ್ನು ಮೇವಾಗಿ ಬಳಸುವ ಮುಂಚೆ ಯೋಚಿಸಬೇಕು. ತಗಡನ್ನೂ ಆಗಾಗ ಬದಲಿಸಬೇಕು. ಒಂದು ಕಿಲೋ ಅಲ್ಯೂಮಿನಿಯಂ ತಯಾರಾಗಲು ಸುಮಾರು 14 ಯೂನಿಟ್ ವಿದ್ಯುತ್ ಬೇಕು, ಆ ಖರ್ಚನ್ನೂ ಪಾಚಿಯ ಲೆಕ್ಕಕ್ಕೇ ಬರೆಯಬೇಕು. ಇಷ್ಟಾದ ಮೇಲೂ ಕೈಗೆ ಸಿಗುವುದು ಒದ್ದೆ ಮುದ್ದೆ. ಅದನ್ನು ಒಣಗಿಸಿ ಎಣ್ಣೆ ತೆಗೆಯುವ ಖರ್ಚು ಇನ್ನೂ ಬಾಕಿಯಿದೆ.